ಆರಿಸಲು ಬಾರದ ವೈರ್‌ಮನ್ನು

ಕಾವೇರಿಯ ಈ ದಡ ಮಹಾರಾಜರದು, ಆ ದಡ ಇಂಗ್ಲಿಷರದು. ನಡುವೆ, ಜಲಪಾತದಿಂದ ಕರೆಂಟು ತೆಗೆಯುವ ಬ್ಲಫ್ ಎಂಬ ಜಾಗದ ಹತ್ತಿರ, ಒಂದು ಹಳೆಯ ಕಲ್ಲಿನ ಸೇತುವೆ. ಸೇತುವೆ ದಾಟಿ ಬಂದ ಎಮ್ಮೆಯನ್ನು ಎಮ್ಮೆಯಲ್ಲ ಎಂದು ಯಾರೂ ಅನ್ನುವುದಿಲ್ಲ. ಅತ್ತಲಿಂದ ಬಂದ ಸೊಸೆ ಇತ್ತಲೂ ಸೊಸೆಯೇ. ವೈರ್‌ಮನ್ ಒಬ್ಬ ಮಾತ್ರ ಸೇತುವೆಯ ನಡುವೆ ಎಲ್ಲೋ ತನ್ನ ವಿದ್ಯೆಯನ್ನೆಲ್ಲ ಹೊಳೆಗೆ ಬೀಳಿಸಿಕೊಂಡು ಬರುತ್ತಾನೆ. ಈ ಸಂಗತಿ ಮೆಹಬೂಬ್ ಪಾಷಾನಿಗೆ ತಿಳಿದದ್ದು ಸೇತುವೆ ದಾಟಿ ಎರಡು ವಾರವಾದ ಮೇಲೆ.

ಪಾಷಾ ಹುಟ್ಟಿದ್ದು ಆಚೆ ದಡದ ಕೊಳ್ಳೇಗಾಲದಲ್ಲಿ. ಕೊಯಮತ್ತೂರಿನ ಹತ್ತಿ ಗಿರಣಿಗಳಲ್ಲಿ ಆರು ವರ್ಷ ವೈರು ಎಳೆದು, ಪರೀಕ್ಷೆ ಕಟ್ಟಿ, ಕಿರೀಟದ ಮುದ್ರೆಯಿದ್ದ ಸರ್ಟಿಫಿಕೇಟು ಪಡೆದಿದ್ದ. ಮದುವೆಯಾದದ್ದು ಈಚೆ ದಡದ ಮಳವಳ್ಳಿಯ ಮಹಮೂದಾಳನ್ನು. ಅವಳ ತಾಯಿ ಅಖ್ತರ್ ಬೇಗಂ ವಿಧವೆ, ಮಂಡಿನೋವಿನ ಹೆಂಗಸು. ಆಕೆ ಮಳವಳ್ಳಿ ಬಿಟ್ಟು ಬರುವವಳಲ್ಲ, ಮಹಮೂದಾ ತಾಯಿಯನ್ನು ಬಿಟ್ಟು ಬರುವವಳಲ್ಲ. ಹೀಗಾಗಿ ಪಾಷಾ ವರ್ಷಕ್ಕೆರಡು ಸಲ, ಈದಿಗೊಮ್ಮೆ ಬಕ್ರೀದಿಗೊಮ್ಮೆ, ಹೆಂಡತಿಯ ಮುಖ ನೋಡುವ ಗಂಡನಾಗಿದ್ದ.

ಮಳವಳ್ಳಿಯ ಪಕ್ಕದಲ್ಲೇ ಕರೆಂಟು ಹುಟ್ಟಿ ಮೂವತ್ತು ವರ್ಷ ದಾಟಿತ್ತು. ಅದು ಮೊದಲು ಕೋಲಾರದ ಚಿನ್ನದ ಗಣಿಗೆ ಓಡಿತು, ಆಮೇಲೆ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ. ಕೊನೆಗೊಂದು ದಿನ, ಸಾವಿರದ ಒಂಬೈನೂರ ಮೂವತ್ತಾರರ ಸುಮಾರಿಗೆ, ಹುಟ್ಟಿದೂರಿನ ನೆನಪಾಗಿ ಮಳವಳ್ಳಿಯ ಬೀದಿಗೂ ಬಂತು. ಊರಿಗೊಬ್ಬ ವೈರ್‌ಮನ್ ಬೇಕು, ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು ಎಂದು ಸಾರಿದರು. ಪಾಷಾ ಗಿರಣಿಗೆ ಸಲಾಮು ಹೊಡೆದು ಹೆಂಡತಿಯ ಊರಿಗೆ ಬಂದೇಬಿಟ್ಟ.

ಬಂದವನು ಮೊದಲು ಮಾಡಿದ ಕೆಲಸವೆಂದರೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದು. ಸುತ್ತ ತೇಗದ ಚೌಕಟ್ಟು, ಮುಂದೆ ಗಾಜು, ನೇತುಹಾಕಲು ಹಿತ್ತಾಳೆ ಕೊಂಡಿ. ಅದನ್ನು ಟವಲಿನಲ್ಲಿ ಸುತ್ತಿ ಮಗುವಿನ ಹಾಗೆ ಎದೆಗವುಚಿಕೊಂಡು ಮಂಡ್ಯದ ಕರೆಂಟು ಆಫೀಸಿಗೆ ಹೊರಟ.

ಮದ್ದೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಅತ್ತೆಮನೆ ಬೀದಿಯ ಕೆಂಪಸಿದ್ದಯ್ಯ. ಊರಿನ ಯಾವ ಸುದ್ದಿಯೂ ಈತನ ಬಾಯಿಗೆ ಬೀಳದೆ ಮುಂದಕ್ಕೆ ಹೋದದ್ದಿಲ್ಲ.

"ಯಾವ್ ದೇವ್ರ ಪಟ ಅದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ಮುಗಿದ.

"ದೇವ್ರಲ್ಲ ಕೆಂಪಸಿದ್ದಯ್ಯನೋರೆ, ನನ್ ಸರ್ಟಿಫಿಕೇಟು."

ಕೆಂಪಸಿದ್ದಯ್ಯ ಕೈ ಕೆಳಗಿಳಿಸಿದ. "ಏನಂತ ಬರ್ದದೆ?"

ಇಂಗ್ಲಿಷಿನ ನಾಲ್ಕು ಉದ್ದುದ್ದ ಸಾಲನ್ನು ಬಿಡಿಸಿ ಹೇಳುವ ತಾಳ್ಮೆ ಪಾಷಾನಿಗಿರಲಿಲ್ಲ. "ನಾನು ಯಾರ್ ಮನೇಲ್ ಬೇಕಾದ್ರೂ ದೀಪ ಅತ್ತುಸ್ಬೌದು ಅಂತ ಬರ್ದದೆ" ಎಂದ. ಆ ಮಾತು ಮುಂದೆ ತನಗೆ ಎಷ್ಟು ದುಬಾರಿಯಾಗುತ್ತದೆಂದು ಗೊತ್ತಿದ್ದರೆ ಇನ್ನೆರಡು ಸಾಲು ಸೇರಿಸಿ ಹೇಳುತ್ತಿದ್ದ.

ಮದ್ದೂರಿನಲ್ಲಿ ರೈಲು ಹತ್ತಿ, ಹನಕೆರೆ ದಾಟಿ, ಮಂಡ್ಯದಲ್ಲಿ ಇಳಿದ. ಆಫೀಸಿನ ಗುಮಾಸ್ತ ಕಟ್ಟು ಹಾಕಿದ ಸರ್ಟಿಫಿಕೇಟನ್ನು ಮುಂದೆ ನೋಡಿದ, ಹಿಂದೆ ನೋಡಿದ, ಮೊಹರನ್ನು ಮಸಿಗೆ ಒತ್ತಿ ಮೇಲೆತ್ತಿಕೊಂಡು ಯೋಚಿಸುತ್ತ ಕೂತ.

"ನೋಡಿದ್ದಕ್ಕೆ ಗುರುತಾಗಿ ಹಿಂಭಾಗದಲ್ಲಿ ಮೊಹರು ಹಾಕಬೇಕು. ಹಿಂಭಾಗದಲ್ಲಿ ಹಲಗೆ ಇದೆ. ಹಲಗೆಗೆ ಹಾಕಲೋ?"

"ಮುಂದುಗಡೆ ಹಾಕಿ ಸ್ವಾಮಿ."

"ಮುಂದುಗಡೆ ಗಾಜು. ಒರೆಸಿದರೆ ಹೋಯ್ತು. ನಾಳೆ ನೀನು ಒರೆಸಿಲ್ಲ ಅಂತ ಯಾರು ಹೇಳಬೇಕು?"

ಗಲಾಟೆ ಕೇಳಿ ಒಳಗಿನಿಂದ ಇನ್ಸ್‌ಪೆಕ್ಟರು ಚಲುವನಾರಾಯಣ ಅಯ್ಯಂಗಾರ್ಯರು ಬಂದರು. ಬಿಗಿ ಕೋಟು, ಜರಿ ಪೇಟ, ಹಣೆಯಲ್ಲಿ ಒಪ್ಪವಾದ ನಾಮ. ಸರ್ಟಿಫಿಕೇಟನ್ನು ಓದಿ, ಒಳ್ಳೆಯ ಮನಸ್ಸಿನಿಂದಲೇ ತಲೆಯಾಡಿಸಿದರು.

"ಇದು ಆಚೆ ಸೀಮೆಯದಪ್ಪ. ಇಲ್ಲಿ ನಡೆಯುವುದಿಲ್ಲ."

"ಸ್ವಾಮಿ, ಕರೆಂಟು ಎರಡು ಕಡೇನೂ ಒಂದೇ ಅಲ್ಲವಾ?"

"ಕರೆಂಟು ಒಂದೇ. ಸರ್ಕಾರ ಬೇರೆ" ಎಂದು ಇನ್ಸ್‌ಪೆಕ್ಟರು ನಿಯಮ ಹೇಳಿದರು. "ನಮ್ಮ ಸೀಮೆಯಲ್ಲಿ ಒಂದು ಮನೆಗೆ ವೈರು ಎಳೆಯಿರಿ. ಒಂದು ವಾರ ಮನೆಯವರು ಬಳಸಲಿ. ಆಮೇಲೆ ನಾನೇ ಬಂದು ನೋಡುತ್ತೇನೆ. ದೀಪ ಹತ್ತಬೇಕು, ಆರಬೇಕು. ಮನೆಯ ಯಜಮಾನರೇ ಸ್ವಿಚ್ಚು ಹಾಕಿ, ತೆಗೆದು ತೋರಿಸಬೇಕು. ಆ ಹೊತ್ತಿನಲ್ಲಿ ನೀವು ಸ್ವಿಚ್ಚು ಮುಟ್ಟುವ ಹಾಗಿಲ್ಲ. ಸರಿಹೋದರೆ ಅಲ್ಲೇ ಪರವಾನಗಿ. ಸರಿಹೋಗದಿದ್ದರೆ ಮತ್ತೆ ಆರು ತಿಂಗಳು ಬಿಟ್ಟು ಬನ್ನಿ."

ಆರು ತಿಂಗಳು ಎಂದರೆ ಮಳವಳ್ಳಿಯ ಕೆಲಸ ಇನ್ನೊಬ್ಬನ ಪಾಲು. ಪಾಷಾ ವಾಪಸು ಕೊಯಮತ್ತೂರಿಗೆ, ಈದಿಗೊಮ್ಮೆ ಬಕ್ರೀದಿಗೊಮ್ಮೆ.

ಪರೀಕ್ಷೆಗೆ ಮನೆ ಕೊಡುವವರು ಯಾರು? ಹೊಳೆ ಆಚೆಯವನ ವೈರು ಎಂದು ಇಡೀ ಬೀದಿ ಹಿಂದೆಗೆಯಿತು. ಕೊನೆಗೆ ಒಪ್ಪಿದವಳು ಪಕ್ಕದ ಮನೆಯ ಯಜಮಾನಿ ಪಟ್ಟಲಮ್ಮ. ಅವಳ ಹಿತ್ತಿಲಿಗೂ ಅಖ್ತರ್ ಬೇಗಂಳ ಹಿತ್ತಿಲಿಗೂ ನಡುವೆ ಒಂದು ಮೋಟು ಗೋಡೆ. ಬೇಗಂಳ ಕಣಗಿಲೆ ಗಿಡದ ಹೂವು ದಿನಾ ಆ ಗೋಡೆಯ ಮೇಲಿಂದ ಪಟ್ಟಲಮ್ಮನ ದೇವರ ಗೂಡಿಗೆ ಹೋಗುತ್ತಿತ್ತು. ಮಹಮೂದಾ ಅಂಬೆಗಾಲಿಡುತ್ತಿದ್ದಾಗಿನಿಂದ ಎರಡೂ ಹಿತ್ತಿಲಲ್ಲಿ ಬೆಳೆದವಳು.

"ನಮ್ ಮಮೂದಾನ ಗಂಡ ಅಂತ ಒಪ್ಕತಿವ್ನಿ" ಎಂದಳು ಪಟ್ಟಲಮ್ಮ. "ಒಳೆ ಆಚೆಯವ್ನು ಅಂತ ನಂಗೊತ್ತು. ಆದ್ರೂ ಓಗ್ಲಿ."

ಪಾಷಾ ನಾಲ್ಕು ದಿನ ಬೆವರು ಸುರಿಸಿದ. ತೇಗದ ಪಟ್ಟಿಯೊಳಗೆ ವೈರು ಕೂರಿಸಿ, ಗೋಡೆಗೆ ನಾಲ್ಕು ಹಿತ್ತಾಳೆ ಸ್ವಿಚ್ಚು ಜೋಡಿಸಿ, ನಡುಮನೆ, ಅಡುಗೆಮನೆ, ಕೋಣೆ, ಜಗಲಿಗೆ ಒಂದೊಂದು ಬಲ್ಬು ತೂಗುಬಿಟ್ಟ. ಕೊಯಮತ್ತೂರಿನ ಯಾವ ಗಿರಣಿಯಲ್ಲೂ ಅವನು ಇಷ್ಟು ನೇರವಾದ ಪಟ್ಟಿ ಹೊಡೆದಿರಲಿಲ್ಲ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಬೀದಿಯೆಲ್ಲ ನೆರೆಯಿತು. ಪಟ್ಟಲಮ್ಮನ ಸೊಸೆ, ಒಂಬತ್ತು ತಿಂಗಳು ತುಂಬಿದ ಬಸುರಿ ಮರಿತಾಯಮ್ಮ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಪಟ್ಟಲಮ್ಮ ನಾಲ್ಕೂ ಸ್ವಿಚ್ಚಿಗೆ ಅರಿಸಿನ ಕುಂಕುಮ ಹಚ್ಚಿ, "ನಮ್ಮಪ್ಪ ಮಾದಪ್ಪ" ಎಂದು ಒಂದೊಂದಾಗಿ ಒತ್ತಿದಳು.

ನಾಲ್ಕೂ ಕಡೆ ಬೆಳಕು ಹರಿಯಿತು. ಎಲ್ಲರೂ ಕೈ ಮುಗಿದರು. ಪಾಷಾನ ಕಣ್ಣು ಒದ್ದೆಯಾಯಿತು.

"ಇನ್ನ ಮಲಗೋ ಒತ್ತಿಗೆ ಈ ಸ್ವಿಚ್ಚು ಮೇಲಕ್ಕೆತ್ತಿಬುಟ್ರೆ ದೀಪ ಆರೋಯ್ತದೆ ಅವ್ವ" ಎಂದ, ಖುಷಿಯಲ್ಲಿ.

ಮರಿತಾಯಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ನಿನ್ ಬಾಯಿಗ್ ಮಣ್ಣಾಕ!" ಪಟ್ಟಲಮ್ಮ ಗುಡುಗಿದಳು. "ಶುಕ್ರವಾರ ದೀಪ ಅಚ್ಚೋ ಒತ್ತಲ್ಲಿ, ತುಂಬಿದ್ ಬಸುರಿ ಇರೋ ಮನೇಲಿ, ಕೈಯಾರೆ ದೀಪ ಆರ್ಸು ಅಂತೀಯಲ್ಲ! ನಮ್ಮನೇಲಿ ಅತ್ತೆ ಕಾಲ್ದಿಂದ ಯಾರಾದ್ರೂ ದೀಪ ಊದವ್ರಾ? ಕೈಲಿ ನಂದ್ಸವ್ರಾ? ಎಣ್ಣೆ ದೀಪಕ್ಕಾದ್ರೆ ಬತ್ತಿಗೆ ಊವ ಸೋಕುಸ್ತೀವಿ, ಶಾಂತ ಆಯ್ತದೆ. ಇದು ಗಾಜಿನೊಳ್ಗೆ ಕುಂತದೆ. ಊವ ಎಲ್ಲಿಗ್ ಸೋಕ್ಸಾನೆ?"

ಸಾಲದ್ದಕ್ಕೆ ಸ್ಟೂಲು ಹತ್ತಿ ಬಲ್ಬಿಗೆ ಒಂದು ಕಣಗಿಲೆ ಸೋಕಿಸಿಯೂ ನೋಡಿದಳು. ಹೂವು ಬಾಡಿತು, ಬಲ್ಬು ಉರಿಯಿತು.

ಇಲ್ಲಿ ಪಾಷಾ ಜೀವನದ ದೊಡ್ಡ ತಪ್ಪು ಮಾಡಿದ. ಮನೆ ಕೈತಪ್ಪೀತೆಂಬ ಹೆದರಿಕೆಯಲ್ಲಿ, "ಬುಡಿ ಅವ್ವ, ಯೋಚ್ನೆ ಮಾಡ್ಬೇಡಿ. ಅದು ತಾನಾಗೇ ಶಾಂತ ಆಯ್ತದೆ" ಎಂದುಬಿಟ್ಟ. ಒಂದೆರಡು ದಿನಕ್ಕೆ ಬೆಳಕಿನಲ್ಲಿ ನಿದ್ದೆ ಬಾರದೆ ಅವರೇ ಸ್ವಿಚ್ಚು ತೆಗೆಯುತ್ತಾರೆಂಬುದು ಅವನ ಲೆಕ್ಕಾಚಾರ. ಪಟ್ಟಲಮ್ಮನ ಹಟವನ್ನು ಅವನು ಬಲ್ಲವನಲ್ಲ.

ಮನೆಯಲ್ಲಿ ಮಹಮೂದಾ ಕೇಳಿದಳು. "ಒಂದ್ ಮಾತು ಹೇಳ್ಲಾ?"

"ಕರೆಂಟಿನ ವಿಷಯವಾ?"

"ಹೂಂ."

"ನಿನ್ನತ್ರ ಸರ್ಟಿಫಿಕೇಟು ಇದೆಯಾ?"

"ಇಲ್ಲ."

"ಹಾಗಾದ್ರೆ ಸುಮ್ನಿರು."

ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಖ್ತರ್ ಬೇಗಂ ತಲೆಯೆತ್ತದೆ, "ಈ ಸೀಮೆಯಲ್ಲಿ ನಿನಗೂ ಇಲ್ವಲ್ಲ ಬೇಟಾ" ಎಂದಳು. ಪಾಷಾ ಎದ್ದು, ಗೋಡೆಗೆ ತೂಗುಹಾಕಿದ ಕಟ್ಟಿನ ಗಾಜನ್ನು ಟವಲಿನಲ್ಲಿ ಒರೆಸತೊಡಗಿದ.

ದೀಪ ಶನಿವಾರ ಉರಿಯಿತು, ಭಾನುವಾರ ಉರಿಯಿತು. ಪಟ್ಟಲಮ್ಮನ ಹುಂಜ ಹೊತ್ತುಗೊತ್ತಿಲ್ಲದೆ ಕೂಗಿ ಗಂಟಲು ಕಟ್ಟಿಸಿಕೊಂಡಿತು. ಮನೆಮಂದಿ ಮುಖದ ಮೇಲೆ ಕಂಬಳಿ ಎಳೆದುಕೊಂಡು ಮಲಗುವುದನ್ನು ರೂಢಿ ಮಾಡಿಕೊಂಡರು. ಸೋಮವಾರ ಬೆಳಗ್ಗೆ ಸೂರ್ಯನೂ ಬಲ್ಬೂ ಒಟ್ಟಿಗೆ ಉರಿಯುವುದನ್ನು ನೋಡಲು ಬೆಸಗರಹಳ್ಳಿಯಿಂದ ಪಟ್ಟಲಮ್ಮನ ಬೀಗರು ಬಂದಿಳಿದರು. ಯಾರೋ ಜಗಲಿಯ ಬಲ್ಬಿನ ಕೆಳಗೆ ಒಂದು ತೆಂಗಿನಕಾಯಿ ಒಡೆದು ಹೋದರು. ಸಂಜೆಗೆ ಮತ್ತೊಬ್ಬರು ಒಡೆದರು. ಪಟ್ಟಲಮ್ಮ ಹೋಳುಗಳನ್ನು ಆರಿಸಿಕೊಂಡು ಚಟ್ನಿ ಅರೆದಳು.

ಮಂಗಳವಾರ ಮಧ್ಯಾಹ್ನ ಪಾಷಾ ತಡೆಯಲಾರದೆ, ಮನೆಯವರು ಊಟಕ್ಕೆ ಕೂತ ಹೊತ್ತು ನೋಡಿ ಮೆಲ್ಲಗೆ ನಡುಮನೆಗೆ ನುಗ್ಗಿ ಸ್ವಿಚ್ಚಿನ ಮೇಲೆ ಕೈ ಇಟ್ಟ.

"ಯಾರ್ಲಾ ಅದು?" ಪಟ್ಟಲಮ್ಮ ಎಂಜಲು ಕೈಯಲ್ಲೇ ಎದ್ದು ಬಂದಳು.

"ನಾನೇ ಅವ್ವ. ಧೂಳು ಒರುಸ್ತಿದ್ದೆ."

"ಇರೋ ಕುಂಕ್ಮಾನೂ ಒರುಸ್ಬುಟ್ಟೀಯ. ಓಗು."

ಬುಧವಾರ ಅಡುಗೆಮನೆಯ ಬಲ್ಬು ಟಪ್ಪೆಂದು ಸುಟ್ಟುಹೋಯಿತು. ಅದು ಪಾಷಾ ಗಿರಣಿಯಿಂದ ತಂದಿದ್ದ ಹಳೆಯ ಬಲ್ಬು, ಎಡೆಬಿಡದೆ ಉರಿದು ಆಯುಸ್ಸು ಮುಗಿಸಿತ್ತು. ಪಟ್ಟಲಮ್ಮನಿಗೆ ಸಂಭ್ರಮವೋ ಸಂಭ್ರಮ. ಗೋಡೆಯ ಮೇಲಿಂದ ಕೂಗಿ ಹೇಳಿದಳು. "ನಿನ್ ಗಂಡ ಏಳಿದ್ದು ದಿಟ ಕಣಮ್ಮ ಮಮೂದಾ! ತಾನಾಗೇ ಶಾಂತ ಆಯ್ತು. ಎಣ್ಣೆ ಮುಗೀತು ಅಂತ ಕಾಣ್ತದೆ. ಬಂದು ಇದಕ್ಕೆ ಒಂದೀಟು ಉಯ್ಯಾಕ್ ಏಳು. ಉಳಿದ್ ಮೂರು ಮುಗಿಯೋಗಂಟ ನಾವು ಕಾಯ್ತೀವಿ."

ಪಾಷಾ ಹೊಸ ಬಲ್ಬು ಹಾಕಲು ಹೋದ. ಹಾಕಿದ ಕೂಡಲೇ ಅದೂ ಹತ್ತಿಕೊಂಡಿತು. ಬೀದಿಯಲ್ಲಿ ಹುಯಿಲೆದ್ದಿತು. ಕೆಂಪಸಿದ್ದಯ್ಯನಿಗೆ ಎಲ್ಲ ಹೊಳೆದದ್ದು ಆಗಲೇ.

"ನಂಗೆ ಬಸ್ಸಲ್ಲೇ ಅನುಮಾನ ಬಂದಿತ್ತು ಕಣ್ರಲಾ" ಎಂದು ಅರಳಿಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದ. "ಅವ್ನ ಪಟದಲ್ಲಿ ದೀಪ ಅತ್ತುಸ್ಬೌದು ಅಂತ ಬರ್ದದಂತೆ. ಅವ್ನೇ ಏಳ್ದ. ಆರುಸ್ಬೌದು ಅಂತ ಬರ್ದಿಲ್ಲ. ಆಚೆ ಸೀಮೇಲಿ ಅತ್ಸೋಕ್ ಒಂದ್ ಪರೀಕ್ಸೆ, ಆರ್ಸೋಕ್ ಇನ್ನೊಂದ್ ಪರೀಕ್ಸೆ. ಇವ್ನು ಒಂದೇ ಪಾಸ್ ಮಾಡವ್ನೆ. ಪಟ್ಟಲಮ್ಮನ್ ಮನೆ ಪಕ್ಕ ನನ್ ಉಲ್ಲಿನ ಮೆದೆ ಅದೆ. ನಾಳೆ ಅತ್ಕೊಂಡ್ರೆ ಯಾರು ಆರ್ಸೋರು?"

ಪಾಠಶಾಲೆಯ ಮೇಷ್ಟರ ಕೈಯಲ್ಲಿ ಒಂದು ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿ ಮಂಡ್ಯಕ್ಕೆ ಕಳಿಸಿದ. 'ಸದರಿ ಪರಸ್ಥಳದ ವೈರ್‌ಮನ್ನನಿಗೆ ದೀಪ ಹತ್ತಿಸುವ ವಿದ್ಯೆ ಮಾತ್ರ ಬರುತ್ತಿದ್ದು, ಆರಿಸುವ ವಿದ್ಯೆ ಬಾರದ್ದರಿಂದ ಊರಿಗೆ ಅಪಾಯ ಒದಗಿರುತ್ತೆ.' ಮೂವತ್ತೊಂದು ಹೆಬ್ಬೆಟ್ಟು ಬಿದ್ದಿದ್ದವು.

ಶುಕ್ರವಾರ ಮದ್ದೂರಿನ ಬಸ್ಸಿನಿಂದ ಇನ್ಸ್‌ಪೆಕ್ಟರು ಇಳಿದರು. ಹಿಂದೆ ಪೆಟ್ಟಿಗೆ ಹೊತ್ತ ಜವಾನ ಶಿವಯ್ಯ. ಅವರ ಹಿಂದೆ ಮೂವತ್ತೊಂದು ಹೆಬ್ಬೆಟ್ಟಿನವರೂ ಮನೆಮಂದಿ ಸಮೇತ ನಡೆದರು.

ಇನ್ಸ್‌ಪೆಕ್ಟರು ಕನ್ನಡಕ ಏರಿಸಿಕೊಂಡು ಪಟ್ಟಿ ತಟ್ಟಿ ನೋಡಿದರು, ಮುಚ್ಚಳ ಬಿಚ್ಚಿ ವೈರಿನ ಗಂಟು ನೋಡಿದರು. ಒಂದು ಕಡೆಯೂ ತಪ್ಪಿಲ್ಲ. "ಅಚ್ಚುಕಟ್ಟಾಗಿದೆ" ಎಂದರು. ಪಾಷಾನಿಗೆ ಜೀವ ಬಂತು. ಆಮೇಲೆ ಫಾರಂ ಬಿಡಿಸಿದರು.

"ಸ್ವಿಚ್ಚು ಹಾಕಿದಾಗ ದೀಪ ಹತ್ತುವುದೋ? ಎಲ್ಲಿ, ಹಾಕಿ ತೋರಿಸಿ ಅಮ್ಮ."

"ಆಗ್ಲೇ ಅತ್ತಿದೆಯಲ್ಲ ಸ್ವಾಮಿ" ಎಂದಳು ಪಟ್ಟಲಮ್ಮ.

"ಹಾಗಾದರೆ ಮೊದಲು ಆರಿಸಿ."

"ಸ್ವಾಮಿ, ತಾವು ನಾಮ ಇಟ್ಕಂಡಿರೋರು. ಇವತ್ತು ಶುಕ್ರವಾರ. ಒಳ್ಗಡೆ ಬಸುರಿ. ತಮ್ಮನೇಲಿ ತಮ್ಮ ತಾಯಿ ಕೈಲಿ ದೀಪ ಆರುಸ್ತಾರಾ?"

ಸ್ವಿಚ್ಚಿನತ್ತ ಚಾಚಿದ್ದ ಇನ್ಸ್‌ಪೆಕ್ಟರ ಕೈ ಅಲ್ಲೇ ನಿಂತಿತು. ಅವರ ಕಣ್ಣ ಮುಂದೆ ಮಂಡ್ಯದ ತಮ್ಮ ಮನೆಯೂ, ತಾಯಿ ಪಂಕಜಮ್ಮನವರೂ ಬಂದು ನಿಂತಿರಬೇಕು. ಅವರು ಕೆಮ್ಮಿ, ಕೈಯನ್ನು ಕೋಟಿನ ಜೇಬಿಗೆ ಇಳಿಸಿ, "ಶಿವಯ್ಯ, ಆರಿಸು" ಎಂದರು.

ಶಿವಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಬುದ್ಧಿ, ನನ್ ಎಂಡ್ರೂ ಬಸುರಿ."

"ನಾನು ಆರಿಸ್ತೀನಿ ಸ್ವಾಮಿ! ನನಗೆ ಬತ್ತದೆ!" ಎಂದು ಪಾಷಾ ಮುನ್ನುಗ್ಗಿದ.

"ನೀವು ಮುಟ್ಟುವ ಹಾಗಿಲ್ಲ ಎಂದು ಹೇಳಿದ್ದೆನಲ್ಲ. ಮನೆಯ ಯಜಮಾನರೇ ಮಾಡಬೇಕು."

"ಬತ್ತದಂತೆ!" ಎಂದು ಹೊರಗಿನಿಂದ ಕೆಂಪಸಿದ್ದಯ್ಯ ನಕ್ಕ. "ಬತ್ತಿದ್ರೆ ಎಂಟ್ ದಿನ್ದಿಂದ ಯಾಕ್ ಉರೀತಿತ್ತು?"

ಇನ್ಸ್‌ಪೆಕ್ಟರು ಫಾರಮ್ಮನ್ನು ನೋಡಿದರು, ಬಲ್ಬನ್ನು ನೋಡಿದರು, ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ಕೆಲಸ ಚೆನ್ನಾಗಿದೆಯಪ್ಪ. ಆದರೆ ಹತ್ತುವುದನ್ನೂ ನೋಡಲಿಲ್ಲ, ಆರುವುದನ್ನೂ ನೋಡಲಿಲ್ಲ. ಹೇಗೆ ಬರೆಯಲಿ? ಆರು ತಿಂಗಳು ಬಿಟ್ಟು..."

ಪಾಷಾನಿಗೆ ಕೊಯಮತ್ತೂರಿನ ಗಿರಣಿಯ ಕೂಗು ಕಿವಿಯಲ್ಲೇ ಕೇಳಿಸಿತು. ತನ್ನ ಸುಳ್ಳು ತನ್ನ ಕುತ್ತಿಗೆಗೇ ಬಂತಲ್ಲಾ ಎಂದು ತಲೆ ತಗ್ಗಿಸಿದ.

ಹಿತ್ತಿಲ ಬಾಗಿಲ ಮರೆಯಿಂದ ಒಂದು ದನಿ ಬಂತು. "ಅವ್ವ, ಒಂದ್ ಮಾತು ಹೇಳ್ಲಾ?"

ಮಹಮೂದಾ. ಎಂಟು ದಿನದಿಂದ ನುಂಗಿಕೊಂಡಿದ್ದ ಮಾತು. ಪಾಷಾ ಈ ಸಲ ಸರ್ಟಿಫಿಕೇಟು ಕೇಳಲಿಲ್ಲ.

"ಏಳವ್ವ" ಎಂದಳು ಪಟ್ಟಲಮ್ಮ.

"ಈ ದೀಪದ ಬತ್ತಿ ಗಾಜಿನೊಳಗಿಲ್ಲ ಅವ್ವ, ಗೋಡೆ ಮೇಲದೆ. ನೀವು ಒತ್ತಿದ್ರಲ್ಲ, ಅದೇ ಬತ್ತಿ. ಮೊದ್ಲು ಗೂಡಲ್ಲಿ ಎಣ್ಣೆ ದೀಪ ಹಚ್ಕಳಿ, ಮನೇಲಿ ಬೆಳಕು ಇದ್ದೇ ಇರ್ತದೆ. ಆಮೇಲೆ ದಿನಾ ಮಾಡೋ ಹಂಗೆ ಗೋಡೆ ಬತ್ತಿಗೆ ಹೂವ ಸೋಕ್ಸಿ." ಬಾಗಿಲ ಸಂದಿನಿಂದ ಬಳೆಯ ಕೈಯೊಂದು ಮುಂದೆ ಬಂತು. ಕೈಯಲ್ಲಿ ಆಗ ತಾನೇ ಕಿತ್ತು ತೊಳೆದ, ತೊಟ್ಟು ಉದ್ದವಿದ್ದ ಕಣಗಿಲೆ.

ಪಟ್ಟಲಮ್ಮ ಹೂವನ್ನು ನೋಡಿದಳು, ಸ್ವಿಚ್ಚನ್ನು ನೋಡಿದಳು. ಅಲ್ಲಿ ಎಂಟು ದಿನದ ಹಿಂದೆ ತಾನೇ ಹಚ್ಚಿದ ಕುಂಕುಮವಿತ್ತು. "ಅಯ್ಯೋ ನನ್ ಬುದ್ಧಿಗಿಷ್ಟು" ಎಂದು ಹಣೆ ತಟ್ಟಿಕೊಂಡಳು. "ಬತ್ತಿಗೇ ಕುಂಕುಮ ಮಡ್ಗಿವ್ನಿ, ಬಲ್ಬಿಗೆ ಊವ ಸುಟ್ಟಿವ್ನಿ!"

ದೇವರ ಗೂಡಿನಲ್ಲಿ ಎಣ್ಣೆ ದೀಪ ಹತ್ತಿತು. ಪಟ್ಟಲಮ್ಮ ಹೂವು ಹಿಡಿದು ಸ್ವಿಚ್ಚಿನತ್ತ ಕೈ ಎತ್ತಿದಳು.

"ನಿಲ್ಲಿ!" ಪಾಷಾ ಕಿರುಚಿದ. ಎಲ್ಲರೂ ಬೆಚ್ಚಿಬಿದ್ದರು. "ಒದ್ದೆ ಹೂವ ಬೇಡ ಅವ್ವ! ಕರೆಂಟಿಗೆ ನೀರು ಆಗಲ್ಲ. ಇಲ್ಲಿ ಕೊಡಿ."

ಅವನು ಹೂವನ್ನು ಇಸಕೊಂಡು, ನೀರು ಕೊಡವಿ, ಸರ್ಟಿಫಿಕೇಟು ಸುತ್ತುತ್ತಿದ್ದ ಅದೇ ಟವಲಿನಲ್ಲಿ ಎಸಳೆಸಳಾಗಿ, ತೊಟ್ಟಿನವರೆಗೆ ಒರೆಸಿದ. ಪಟ್ಟಲಮ್ಮನ ಬಲಗೈಯನ್ನೂ ಒರೆಸಿಕೊಳ್ಳಲು ಹೇಳಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತ. ಇನ್ಸ್‌ಪೆಕ್ಟರು ಕನ್ನಡಕದ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು.

ಪಟ್ಟಲಮ್ಮ ತೊಟ್ಟನ್ನು ಸ್ವಿಚ್ಚಿನ ಕೆಳಗೆ ಕೊಟ್ಟು ಮೆಲ್ಲಗೆ ಮೇಲಕ್ಕೆತ್ತಿದಳು. ಟಿಕ್ ಎಂದಿತು. ನಡುಮನೆಯ ಬಲ್ಬು ಶಾಂತವಾಯಿತು. ಗೂಡಿನ ದೀಪ ಉರಿಯುತ್ತಲೇ ಇತ್ತು.

ಬೀದಿಯೆಲ್ಲ "ಓ" ಎಂದಿತು. ಪಟ್ಟಲಮ್ಮ ಸ್ವಿಚ್ಚು ಒತ್ತಿದಳು, ಹತ್ತಿತು. ಹೂವು ಸೋಕಿಸಿದಳು, ಶಾಂತವಾಯಿತು. ಅಡುಗೆಮನೆಗೆ ಹೋದಳು, ಕೋಣೆಗೆ ಹೋದಳು, ಜಗಲಿಗೆ ಬಂದಳು. ಎಂಟು ದಿನ ನಿದ್ದೆಗೆಟ್ಟ ಮನೆಯವರು ಒಂದೊಂದು ದೀಪಕ್ಕೂ ಒಂದೊಂದು ನಿಟ್ಟುಸಿರು ಬಿಟ್ಟರು. ಮರಿತಾಯಮ್ಮ ಹೋಗಿ ಹಗಲಲ್ಲೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ಆರ್ಸೋ ಪರೀಕ್ಸೇನೂ ಪಾಸ್ ಮಾಡವ್ನೆ ಕಣ್ರಲಾ" ಎಂದು ಕೆಂಪಸಿದ್ದಯ್ಯ ಸಾರಿದ. "ನಾನು ಬಸ್ಸಲ್ಲೇ ಅಂದ್ಕಂಡೆ. ಲೇ ಪಾಸಾ, ನಾಳೆ ನಮ್ಮನೆಗೆ ಬಾರ್ಲಾ, ಊವಿನ್ ಸ್ವಿಚ್ಚೇ ಆಗ್ಬೇಕು ಮತ್ತೆ!"

ಇನ್ಸ್‌ಪೆಕ್ಟರು ಜಗಲಿಯ ಮೇಲೆ ಕೂತು ಫಾರಂ ತುಂಬಿದರು. 'ಹತ್ತುವುದೋ?' 'ಹೌದು.' 'ಆರುವುದೋ?' ಸ್ವಲ್ಪ ಯೋಚಿಸಿ, 'ಹೂವಿನಿಂದ' ಎಂದು ಬರೆದು, ಯಾರಿಗೂ ಕೇಳಿಸದ ಹಾಗೆ, "ಒಂದು ಹೂವು ನನಗೂ ಕೊಡಿಯಪ್ಪ, ಒರೆಸಿದ್ದು, ನಮ್ಮ ತಾಯಿಯವರಿಗೆ ತೋರಿಸಬೇಕು" ಎಂದರು. ಪಾಷಾ ಒರೆಸಿ ಕೊಟ್ಟ.

"ಹೆಸರು?"

"ಮೆಹಬೂಬ್ ಪಾಷಾ ಸ್ವಾಮಿ."

"ಊರು?"

"ಕೊ..." ಎಂದು ಬಾಯಿ ತೆರೆದ ಪಾಷಾ.

"ಮಳವಳ್ಳಿ ಅಂತ ಬರ್ಕಳಿ ಸ್ವಾಮಿ" ಎಂದಳು ಪಟ್ಟಲಮ್ಮ, ಒಳಗಿನಿಂದಲೇ. "ನಮ್ ಇತ್ಲು ಗೋಡೆಯವ್ನು."

ಇನ್ಸ್‌ಪೆಕ್ಟರು ಬರೆದುಕೊಂಡು, ಮೊಹರು ತೆಗೆದು ಹಿಂಭಾಗದಲ್ಲಿ ಒತ್ತಿ, ಕಾಗದವನ್ನು ಚಾಚಿದರು. "ಇದಕ್ಕೆ ಮಾತ್ರ ಕಟ್ಟು ಹಾಕಿಸಬೇಡಿ. ವರ್ಷ ವರ್ಷ ಹಿಂದುಗಡೆ ಮೊಹರು ಹಾಕಬೇಕು."

ಪಾಷಾ ಹಿತ್ತಿಲ ಗೋಡೆಯ ಹತ್ತಿರ ಹೋದ. ಆಚೆ ಮಹಮೂದಾ ಕಣಗಿಲೆ ಗಿಡದ ಕೊಂಬೆ ಬಗ್ಗಿಸಿಕೊಂಡು ನಿಂತಿದ್ದಳು. ಅವನು ಪರವಾನಗಿಯನ್ನು ಗೋಡೆಯ ಮೇಲಿಂದ ಅವಳ ಕೈಗೆ ಕೊಟ್ಟ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗ ನನ್ನತ್ರ ಇದೆಯಲ್ಲ ಸರ್ಟಿಫಿಕೇಟು, ಇನ್ನೊಂದ್ ಮಾತು ಹೇಳ್ಲಾ?" ಎಂದಳು.

"ಹೇಳು ಮಾರಾಯ್ತಿ."

"ಊಟ ಆರ್ತಾ ಇದೆ, ಮನೆಗೆ ಬನ್ನಿ."